ಹೆಸರಿದ್ದ ಡಬ್ಬಿ

ನಮ್ಮ ಎದುರುಮನೆಯಾಕೆಗೆ ಕೊಲೆ ಕತೆಗಳ ಹುಚ್ಚು. ಬೆಳಿಗ್ಗೆ ರೊಟ್ಟಿ ಬಡಿಯುವಾಗ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಯಾರೋ ಯಾರಿಗೋ ವಿಷ ಹಾಕುವುದನ್ನು ಕೇಳುತ್ತಾಳೆ. ಆಮೇಲೆ ಮಕ್ಕಳನ್ನು ಸ್ಕೂಲ್ ಬಸ್ಸಿಗೆ ಹತ್ತಿಸಲು ಬಂದಾಗ, ಟ್ರಾನ್ಸ್‌ಫಾರ್ಮರ್ ಪಕ್ಕದ ಬೇವಿನ ಮರದ ಕೆಳಗೆ ನಿಂತು ಅದನ್ನೆಲ್ಲ ನಮಗೆ ಒಪ್ಪಿಸುತ್ತಾಳೆ. ಬಳ್ಳಾರಿಯ ಗಾಂಧಿನಗರ ದಾಟಿದ ಮೇಲೆ ಬರುವ ಹೊಸ ಬಡಾವಣೆ ನಮ್ಮದು. ಒಂದೇ ಅಳತೆಯ ಸೈಟು, ಒಂದೇ ಥರದ ಗೇಟು, ಗೇಟಿನ ಹಿಂದೆ ಒಂದೇ ಥರದ ತುಳಸಿಕಟ್ಟೆ. ಗಂಡಸರು ಕೆಲಸಕ್ಕೆ ಹೋದ ಮೇಲೆ ಬೀದಿ ನಮ್ಮ ಕೈಗೆ ಬರುತ್ತದೆ.

"ಇಂಥಾ ಕತಿಯೊಳಗ ಕಳ್ಳ ಹೊರಗಿಂದ ಬರಂಗಿಲ್ರಿ," ಎನ್ನುವುದು ಆಕೆಯ ಮಾತು. "ದಿನಾ ಚಾ ಕುಡಿಯಾಕ ಬರೋ ಬಾಜೂಮನಿಯಾಕಿನ ಇರ್ತಾಳ. ನಕ್ಕೊಂತ ಇರ್ತಾಳ, ಒಳಗೊಂದು ಇಟ್ಕೊಂಡಿರ್ತಾಳ."

ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವ ಪೈಕಿ ನಾನು. ಮುಟ್ಟಿಕೊಂಡದ್ದು ಕಾಣದಿರಲಿ ಎಂದು ಸೆರಗು ಸರಿಮಾಡಿಕೊಂಡಂತೆ ಮಾಡುತ್ತಿದ್ದೆ.

ಆಕೆಗೂ ನನಗೂ ಜಗಳವಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು, ಜಗಳ ಒಂದು ದಿನ ಆಗಿ ಮುಗಿಯುತ್ತದೆ. ನಮ್ಮದು ನಗುನಗುತ್ತಲೇ ನಡೆಯುವ ಪೈಪೋಟಿ. ಇಬ್ಬರ ಹೆಣ್ಣುಮಕ್ಕಳೂ ಐದನೇ ಕ್ಲಾಸು, ಒಂದೇ ಬೆಂಚು. ಆಕೆ ಮಗಳನ್ನು ಅಬಾಕಸ್‌ಗೆ ಸೇರಿಸಿದ ವಾರವೇ ನಾನು ನನ್ನ ಮಗಳನ್ನು ಭರತನಾಟ್ಯಕ್ಕೆ ಸೇರಿಸಿದೆ. ಗಣಿತದಲ್ಲಿ ಅವಳ ಮಗಳಿಗೆ ಜಾಸ್ತಿ ಬಂದರೆ "ಭಾಳ ಚೊಲೋ ಆತು ಬಿಡ್ರಿ" ಎಂದು ಹೇಳಿ, ಮನೆಗೆ ಬಂದು ಪಾತ್ರೆಗಳನ್ನು ಕುಕ್ಕುತ್ತಿದ್ದೆ. ನನ್ನ ಮಗಳಿಗೆ ಜಾಸ್ತಿ ಬಂದ ದಿನ ಆಕೆ ತನ್ನ ಗೇಟನ್ನು ದಡಾರನೆ ಹಾಕುತ್ತಿದ್ದಳು, ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. ಮಕ್ಕಳಿಬ್ಬರು ಮಾತ್ರ ಒಂದೇ ಪೇರಲಹಣ್ಣನ್ನು ಕಚ್ಚಿ ಹಂಚಿಕೊಂಡು ತಿನ್ನುವ ಗೆಳತಿಯರು.

ನಾನು ಒಳಗಿಟ್ಟುಕೊಂಡದ್ದು ಏನೆಂದು ಈಗಲೇ ಹೇಳಿಬಿಡುತ್ತೇನೆ, ಆಕೆಯ ಹಾಗೆ ಎಳೆಯುವುದು ನನಗೆ ಬರುವುದಿಲ್ಲ. ನನ್ನ ಮಗಳು ನನ್ನ ಗಂಡನಿಗೆ ಹುಟ್ಟಿದವಳಲ್ಲ. ನನ್ನ ತವರು ಕುರುಗೋಡು. ಮೊದಲು ನನ್ನನ್ನು ಕೊಟ್ಟಿದ್ದು ಸಿರುಗುಪ್ಪಕ್ಕೆ, ಭತ್ತದ ವ್ಯಾಪಾರದ ಮನೆಗೆ. ಹೆರಿಗೆಗೆ ತವರಿಗೆ ಬಂದೆ, ಹೆಣ್ಣು ಹುಟ್ಟಿತು. ಇನ್ನೂ ತೊಟ್ಟಿಲಿಗೆ ಹಾಕಿರಲಿಲ್ಲ. ಮಗಳ ಮುಖ ನೋಡಲೆಂದು ಅವರು ಬೈಕಿನಲ್ಲಿ ಹೊರಟವರು, ದಾರಿಯಲ್ಲಿ ಭತ್ತದ ಟ್ರ್ಯಾಕ್ಟರಿಗೆ ಸಿಕ್ಕು ತೀರಿಹೋದರು. ಒಳ್ಳೆಯ ಮನುಷ್ಯರಿದ್ದರು, ಕಡಿಮೆ ಮಾತಿನವರು. ಸುದ್ದಿ ತಿಳಿದು ಬಂದ ಅತ್ತೆ ನನ್ನ ಮಡಿಲಲ್ಲಿದ್ದ ಕೂಸನ್ನು ನೋಡಿ, "ಹುಟ್ಟಿದಾಕಿ ಅಪ್ಪನ್ನ ನುಂಗಿ ನೀರು ಕುಡದ್ಲು," ಎಂದರು. ಆಮೇಲೆ ಆ ಮನೆಯಿಂದ ಒಬ್ಬರೂ ಕೂಸಿನ ಕಡೆ ತಿರುಗಿ ನೋಡಲಿಲ್ಲ. ಆದರೆ ಆ ಮಾತು ನಮ್ಮ ಓಣಿಯಲ್ಲಿ ಉಳಿದುಬಿಟ್ಟಿತು. ನಲ್ಲಿಯ ಹತ್ತಿರ ಹೆಂಗಸರು ಕೂಸನ್ನು ಎತ್ತಿಕೊಳ್ಳಲು ಕೈ ಚಾಚಿ, ಏನೋ ನೆನಪಾದವರಂತೆ ಹಿಂದಕ್ಕೆ ತೆಗೆಯುತ್ತಿದ್ದರು.

ಮಗಳು ಮಾತು ಕಲಿಯುವ ಮೊದಲೇ ಬಳ್ಳಾರಿಯ ಇವರು, ಈಗಿನ ನನ್ನ ಗಂಡ, ನನ್ನನ್ನು ಕೇಳಿಕೊಂಡು ಬಂದರು. ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಸುವ ಸಣ್ಣ ಯೂನಿಟ್ಟು ಇವರದು. ಎಲ್ಲ ಗೊತ್ತಿದ್ದೇ ಬಂದರು, ಓಣಿಯ ಮಾತನ್ನೂ ಕೇಳಿಸಿಕೊಂಡರು. ನಮ್ಮ ತವರಿನವರು ಗುಡಿಯಲ್ಲಿ ಎರಡು ಹಾರ ಹಾಕಿಸಿ ಉಡಿಕೆ, ಅಂದರೆ ಮರುಮದುವೆ, ಮಾಡಿಕೊಟ್ಟರು. ಕೆಲವು ವರ್ಷ ಬಾಡಿಗೆಮನೆ, ಆಮೇಲೆ ಈ ಬಡಾವಣೆ. ಇಲ್ಲಿ ಯಾರಿಗೂ ನಮ್ಮ ಹಿಂದುಮುಂದು ಗೊತ್ತಿರಲಿಲ್ಲ. ಮಗಳ ಮೂಗು ಅಪ್ಪನದೇ ಎಂದು ನಾಲ್ಕು ಜನ ಹೇಳಿದರು, ನಾನು ಹೌದೆಂದೆ.

"ಹೇಳಿಬಿಡು ಆಕಿಗೆ," ಎಂದು ಇವರು ಆಗಾಗ ಅನ್ನುತ್ತಿದ್ದರು. "ದೊಡ್ಡಾಕಿ ಆಗಾಕತ್ಯಾಳ."

"ಇನ್ನಷ್ಟು ದೊಡ್ಡಾಕಿ ಆಗ್ಲಿ."

"ಎಷ್ಟು ದೊಡ್ಡಾಕಿ?"

ಇವರು ಅಪ್ಪನಲ್ಲ ಎನ್ನುವುದು ಅವಳಿಗೆ ತಿಳಿದರೆ ತಿಳಿಯಲಿ, ಅದನ್ನು ಹೇಗೋ ಸಮಾಧಾನ ಮಾಡಬಹುದು. ಅದರ ಹಿಂದೆಯೇ ಬರುವ ಇನ್ನೊಂದು ಮಾತಿತ್ತಲ್ಲ, ನುಂಗಿದಾಕಿ ಎನ್ನುವ ಮಾತು, ಅದಕ್ಕೆ ನಾನು ಹೆದರುತ್ತಿದ್ದೆ. ಅದನ್ನು ಒಂದು ಸಲ ಕೇಳಿಸಿಕೊಂಡ ಮಗು ಬದುಕಿರುವವರೆಗೂ ಹೊತ್ತು ತಿರುಗುತ್ತದೆ. ಬೇರೆ ತಾಯಿಯೊಬ್ಬಳ ಬಾಯಿಂದ, ಬೇವಿನ ಮರದ ಕೆಳಗೆ, ನಗುನಗುತ್ತಾ ಬಂದು ಅವಳ ಕಿವಿಗೆ ಬಿದ್ದರೆ?

ಇನ್ನು ಡಬ್ಬಿಯ ವಿಷಯ. ನಮ್ಮ ಕಡೆ ಮದುವೆಗೆ ಕೊಡುವ ಸ್ಟೀಲ್ ಪಾತ್ರೆಗೆಲ್ಲ ಹೆಸರು ಹಾಕಿಸುತ್ತಾರೆ. ಅಂಗಡಿಯವನು ಗುರ್ ಎನ್ನುವ ಮಷಿನ್ ಹಿಡಿದು ಚುಕ್ಕಿ ಚುಕ್ಕಿಯಾಗಿ ಕೊರೆಯುತ್ತಾನೆ: ಮದುಮಗಳ ಹೆಸರು, ಮದುಮಗನ ಹೆಸರು, ಊರು. ಪಾತ್ರೆ ಯಾರ ಮನೆಗೆ ಹೋದರೂ ತಿರುಗಿ ಬರಲಿ ಎಂದು. ನನ್ನ ಮೊದಲ ಮದುವೆಯಲ್ಲಿ ನಮ್ಮವ್ವ ಲೋಟ ಬಟ್ಟಲುಗಳನ್ನೂ ಬಿಡದೆ ಹೆಸರು ಹಾಕಿಸಿದ್ದಳು. ಉಡಿಕೆಯಾಗಿ ಬಳ್ಳಾರಿಗೆ ಹೊರಟಾಗ ಅವನ್ನೇ ಚೀಲ ತುಂಬಿ ಕೊಟ್ಟಳು. ಬೇಡವೆಂದರೆ, "ಪಾತ್ರಿ ಏನು ಪಾಪ ಮಾಡ್ಯಾವ? ನಾ ಕೊಟ್ಟವು ಅವು," ಎಂದು ಅತ್ತಳು. ಬಹಳಷ್ಟನ್ನು ಅವಳಿಗೆ ತಿಳಿಯದಂತೆ ಅಂಗಡಿಗೆ ಹಾಕಿ ಬೇರೆ ತಂದೆ. ಬಂದಾಗಲೆಲ್ಲ ಅವಳು ಹುಡುಕುತ್ತಾಳೆ ಎಂದು ಕೆಲವನ್ನು ಉಳಿಸಿಕೊಂಡು, ಚೀಲದಲ್ಲಿ ಕಟ್ಟಿ, ಅಟ್ಟದ ಮೇಲೆ ಹಳೆಯ ಕೂಲರಿನ ಹಿಂದೆ ತಳ್ಳಿದ್ದೆ.

ಪಂಚಮಿ ಬಂತು. ನಮ್ಮಲ್ಲಿ ಪಂಚಮಿ ಎಂದರೆ ನಾಗಪ್ಪನಿಗೆ ಹಾಲು ಆಮೇಲೆ, ಮೊದಲು ಉಂಡಿ. ಶೇಂಗಾ ಉಂಡಿ, ಎಳ್ಳುಂಡಿ, ಪುಟಾಣಿ ಉಂಡಿ. ಯಾರ ಪಾಕ ಹದವಾಗಿದೆ, ಯಾರದು ಹಲ್ಲು ಮುರಿಯುತ್ತದೆ ಎಂದು ಬೀದಿಯ ಹೆಂಗಸರು ಒಂದು ವಾರ ಮಾತಾಡುತ್ತಾರೆ. ಹಿಂದಿನ ವರ್ಷ ಎದುರುಮನೆಯಾಕೆಯ ಉಂಡಿ ಗೆದ್ದಿತ್ತು. ಈ ಸಲ ಬಿಡಬಾರದೆಂದು ನಾನು ಒಲೆ ಮುಂದೆ ಕೂತಿದ್ದೆ, ಮೊಣಕೈವರೆಗೆ ಬೆಲ್ಲ. ಹಂಚಲು ಡಬ್ಬಿಗಳು ಸಾಲದಾದವು. "ರೀ, ಡಬ್ಬಿ ಕೊಡ್ರಿ," ಎಂದು ಕೂಗಿದೆ. ಗಂಡಸರು ಹಬ್ಬದ ದಿನ ಅಡುಗೆಮನೆಗೆ ಸಹಾಯಕ್ಕೆ ಬಂದರೆ ಇರುವ ಕೆಲಸದ ಜೊತೆ ಇನ್ನೊಂದು ಕೆಲಸ ಹುಟ್ಟುತ್ತದೆ. ಇವರು ಏಣಿ ಹತ್ತಿ, ಕೂಲರಿನ ಹಿಂದಿನ ಚೀಲವನ್ನೇ ಇಳಿಸಿ, ಅದರಲ್ಲಿದ್ದ ಡಬ್ಬಿಯನ್ನೂ ಸೇರಿಸಿ ಎಲ್ಲಕ್ಕೂ ಉಂಡಿ ತುಂಬಿದರು. ಮಗಳು ಮನೆಮನೆಗೆ ಕೊಟ್ಟು ಬಂದಳು.

ಸಂಜೆ ಕೈತೊಳೆದು ಎದ್ದಾಗ ಬಾಯಿ ಬಿಚ್ಚಿದ ಚೀಲ ಕಣ್ಣಿಗೆ ಬಿತ್ತು. ತಟ್ಟೆಗಳಿದ್ದವು, ಲೋಟಗಳಿದ್ದವು. ಅದರಲ್ಲಿದ್ದ ಒಂದೇ ಡಬ್ಬಿ, ಹಿಡಿಕೆ ಇದ್ದದ್ದು, ಇರಲಿಲ್ಲ.

"ಹಿಡಿಕಿ ಡಬ್ಬಿ ಯಾರ ಮನಿಗೆ ಒಯ್ದಿ?" ಎಂದು ಮಗಳನ್ನು ಕೇಳಿದೆ.

"ಎದುರುಮನಿಗೆ," ಎಂದಳು, ಪುಸ್ತಕದಿಂದ ತಲೆ ಎತ್ತದೆ.

ಇವರಿಗೆ ಹೇಳಿದರೆ, "ಡಬ್ಬಿ ತಳ ಯಾರು ನೋಡ್ತಾರ ಬಿಡು," ಎಂದರು. ಹೆಂಗಸರು ನೋಡುತ್ತಾರೆ. ಬಂದ ಡಬ್ಬಿಯನ್ನು ತೊಳೆದು, ಬೋರಲು ಹಾಕುವ ಮೊದಲು ಕಣ್ಣು ಹೆಸರಿನ ಮೇಲೆ ಹೋಗಿಯೇ ಹೋಗುತ್ತದೆ, ಯಾರ ಮನೆಯದೆಂದು ನೋಡಿ ವಾಪಸು ಕೊಡಬೇಕಲ್ಲ. ನನ್ನ ಹೆಸರು, ಅದರ ಪಕ್ಕದಲ್ಲಿ ನನ್ನ ಗಂಡನದಲ್ಲದ ಹೆಸರು, ಸಿರುಗುಪ್ಪ. ಕೊಲೆ ಕತೆ ಕೇಳಿ ಕೇಳಿ ಪಳಗಿದ ಹೆಂಗಸಿಗೆ ಇನ್ನೇನು ಬೇಕು?

ಮರುದಿನ ಬೇವಿನ ಮರದ ಕೆಳಗೆ ಆಕೆ ನನ್ನ ಕಡೆ ನೋಡಲಿಲ್ಲ. ಉಳಿದವರನ್ನು ಮಾತಾಡಿಸಿದಳು, ನನ್ನನ್ನು ಬಿಟ್ಟು. ಉಂಡಿ ಹೇಗಿತ್ತೆಂದು ಒಂದು ಮಾತಿಲ್ಲ. ಆಮೇಲೆ ಹೊಸ ಕತೆ ಶುರು ಮಾಡಿದಳು.

"ಒಂದು ಕಾಲನಿರಿ. ಎಲ್ಲಾರೂ ಮಕ್ಕಳ ತಾಯಂದ್ರು, ಭಾಳ ಚೊಲೋ ಇರ್ತಾರ. ಅದರಾಗ ಒಬ್ಬಾಕಿ ಬ್ಯಾರೆ ಊರಾಗ ಬ್ಯಾರೆ ಸಂಸಾರ ಮಾಡಿ ಬಂದಿರ್ತಾಳ. ಯಾರಿಗೂ ಗೊತ್ತಿಲ್ಲ. ಒಬ್ಬಾಕಿಗೆ ಮಾತ್ರ ಗೊತ್ತಾಗ್ತೈತಿ."

"ಗೊತ್ತಾಗಿ?" ಎಂದು ಯಾರೋ ಕೇಳಿದರು.

"ಏನೂ ಹೇಳಂಗಿಲ್ಲ. ಸುಮ್ನ ಕಾಯ್ತಾಳ. ಮುಂದಿಂದು ನಾಳಿ ಕೇಳಬೇಕು."

ಬಸ್ಸು ಬಂತು. ಮಗಳು ಹತ್ತಿದಳು. ನಾನು ಕೈ ಬೀಸುವುದನ್ನೂ ಮರೆತು ನಿಂತಿದ್ದೆ.

ಅವತ್ತಿನಿಂದ ನನಗೆ ಊಟ ಸೇರಲಿಲ್ಲ. ಆಕೆ ದಿನಕ್ಕೊಂದು ತುಣುಕು ಹೇಳುತ್ತಿದ್ದಳು. ಕತೆಯ ಹೆಂಗಸಿಗೆ ಗೇಟಿನ ಸದ್ದಾದರೆ ಹೆದರಿಕೆ; ನನಗೂ. ಅವಳು ಪರದೆ ಸರಿಸಿ ಎದುರುಮನೆ ನೋಡುತ್ತಾಳೆ, ನಾನೂ ನೋಡುತ್ತಿದ್ದೆ. ಆಕೆ ತನ್ನ ವರಾಂಡದಲ್ಲಿ ಫೋನು ಹಿಡಿದು ನಕ್ಕರೆ ನನ್ನ ಬಗ್ಗೆಯೇ ನಕ್ಕಂತೆ. ತಾಯಂದಿರ ವಾಟ್ಸಾಪ್ ಗುಂಪಿಗೆ ಒಂದು ಬೆಳಿಗ್ಗೆ ಗುಲಾಬಿ ಹೂವಿನ ಜೊತೆ ಸತ್ಯ ಮುಚ್ಚಿಟ್ಟರೆ ಉಳಿಯದು ಎನ್ನುವ ಅರ್ಥದ ಚಿತ್ರ ಕಳಿಸಿದಳು. ಎಲ್ಲರೂ ಕೈಮುಗಿದರು. ನಾನು ಅದನ್ನು ಎಷ್ಟು ಸಲ ತೆರೆದು ನೋಡಿದೆನೋ, ಗುಲಾಬಿಯ ಎಸಳುಗಳೂ ಬಾಯಿಪಾಠವಾದವು. ಈಗ ನೆನೆದರೆ ನಗು ಬರುತ್ತದೆ.

ಕೊನೆಗೆ ಧೈರ್ಯ ಮಾಡಿ ಹೋದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದುಕೊಂಡು, ಕೊತ್ತಂಬರಿ ಕೇಳುವ ನೆಪದಲ್ಲಿ. ಕೊತ್ತಂಬರಿ ಕೊಟ್ಟಳು. ಹೊರಡುವಾಗ ಮೆಲ್ಲಗೆ, "ನಮ್ಮ ಉಂಡಿ ಡಬ್ಬಿ ಇದ್ರ ಕೊಟ್ಟುಬಿಡ್ರಿ, ಬೇಕಾಗೇತಿ," ಎಂದೆ.

ಆಕೆ ಒಳಗೆ ಹೋಗಿ ಬಂದಳು. ಕೈಯಲ್ಲಿ ಹಳೆಯ ಐಸ್‌ಕ್ರೀಮಿನ ಪ್ಲಾಸ್ಟಿಕ್ ಡಬ್ಬಿ. ಹಬ್ಬದ ಡಬ್ಬಿಯನ್ನು ಖಾಲಿ ಕೊಡಬಾರದಲ್ಲ, ಅದಕ್ಕೆ ತಳದಲ್ಲಿ ಸ್ವಲ್ಪ ಸಕ್ಕರೆ ಹಾಕಿದ್ದಳು.

"ತಗೋರಿ ನಿಮ್ಮ ಡಬ್ಬಿ."

"ಇದಾ?"

"ಇದ. ಮತ್ಯಾವುದು?" ಎಂದು ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

ನಾನು ಏನು ಹೇಳಲಿ? ಇದಲ್ಲ, ಹಿಡಿಕೆ ಇರುವುದು, ಸ್ಟೀಲಿನದು ಎಂದರೆ, ಗುರುತೇನು ಎನ್ನುತ್ತಾಳೆ. ಹೆಸರಿದೆ ಎಂದರೆ, ಯಾರ ಹೆಸರು ಎನ್ನುತ್ತಾಳೆ. "ಹೌದು, ಇದ," ಎಂದು ಅವಳ ಸಕ್ಕರೆ ಹಿಡಿದುಕೊಂಡು ರಸ್ತೆ ದಾಟಿದೆ. ಪಂಚಮಿ ಉಂಡಿಯನ್ನು ಐಸ್‌ಕ್ರೀಮ್ ಡಬ್ಬಿಯಲ್ಲಿ ಯಾವ ಮನೆಯವರಾದರೂ ಕಳಿಸುತ್ತಾರೆಯೇ? ಆಕೆ ಬೇಕೆಂದೇ ಸ್ಟೀಲ್ ಡಬ್ಬಿ ಇಟ್ಟುಕೊಂಡಿದ್ದಾಳೆ, ನನಗೆ ಅದು ತಿಳಿಯಲಿ ಎಂದೇ ಇದನ್ನು ಕೊಟ್ಟಿದ್ದಾಳೆ. ನನಗೆ ಸ್ವಲ್ಪವೂ ಅನುಮಾನ ಉಳಿಯಲಿಲ್ಲ.

ಮಗಳನ್ನು ಆ ಮನೆಗೆ ಆಡಲು ಕಳಿಸುವುದು ನಿಲ್ಲಿಸಿದೆ. ಬೆಂಚನ್ನು ಬದಲಿಸುವುದು ನನ್ನ ಕೈಯಲ್ಲಿರಲಿಲ್ಲ. ಮಗಳೂ ಆ ದಿನಗಳಲ್ಲಿ ಮೌನವಾಗಿದ್ದಳು. ಊಟಕ್ಕೆ ಕೂತರೆ ಅನ್ನ ಕಲಸುತ್ತಲೇ ಇರುವಳು. ಬೆಂಚಿನ ಮೇಲೆ ಆ ಹುಡುಗಿ ಏನಾದರೂ ಅಂದಿದ್ದಾಳಾ, ಅವರಮ್ಮ ಹೇಳಿಕೊಟ್ಟಿದ್ದಾಳಾ ಎಂದು ಅನುಮಾನ. ಕೇಳಲು ಹೆದರಿಕೆ. ಕೇಳಿದರೆ ನಾನೇ ಬಾಗಿಲು ತೆರೆದುಕೊಟ್ಟ ಹಾಗಾಗುತ್ತದೆ. ದಿನಾ ಸಂಜೆ ಬಸ್ಸಿನಿಂದ ಇಳಿದ ಮಗಳ ಮುಖವನ್ನು ನೋಡಿ, ಇವತ್ತು ತಿಳಿದಿಲ್ಲ ಎಂದು ಉಸಿರು ಬಿಡುತ್ತಿದ್ದೆ.

ಒಂದು ಭಾನುವಾರ ಅವ್ವನ ಮೊಣಕಾಲು ನೋವು ಜಾಸ್ತಿಯಾಗಿದೆಯೆಂದು ಕುರುಗೋಡಿಗೆ ಹೋದೆ. ಮಗಳನ್ನು ಇವರ ಹತ್ತಿರ ಬಿಟ್ಟಿದ್ದೆ. ಅವ್ವನಿಗೆ ಎಣ್ಣೆ ಹಚ್ಚುತ್ತಾ ಇವರಿಗೆ ಫೋನು ಮಾಡಿದರೆ ಹಿಂದೆ ಹೊಲಿಗೆ ಮಷಿನ್ನುಗಳ ಸದ್ದು. ಭಾನುವಾರವೂ ಯೂನಿಟ್ಟಿನಲ್ಲಿ ಕೆಲಸ.

"ಹುಡುಗಿ ಎಲ್ಲಿ?" ಎಂದೆ.

"ಎದುರುಮನಿಯವರು ಕಾರಿನ್ಯಾಗ ಹೊಳಿ ದಂಡಿ ಕೆಂಚನಗುಡ್ಡಕ್ಕ ಹೊಂಟಿದ್ರು. ಅವರ ಮಗಳು ಬಾ ಬಾ ಅಂತ ಕರದ್ಲು, ಇಕಿನೂ ಹೋಗ್ತೀನಿ ಅಂದ್ಲು, ಕಳಿಸ್ದೆ. ಆರ್ಡರ್ ಅರ್ಜೆಂಟ್ ಇತ್ತು. ಸಿರುಗುಪ್ಪದಾಗ ಅವರ ಅತ್ತಿಮನಿ ಐತಂತ, ಅಲ್ಲಿ ಊಟ ಮಾಡಿ ಹೊಳಿಗೆ ಹೋಗ್ತಾರಂತ."

ಎಣ್ಣೆ ಬಟ್ಟಲನ್ನು ಕೆಳಗಿಟ್ಟೆ. ಅತ್ತಿಮನಿ ಸಿರುಗುಪ್ಪ. ಇಷ್ಟು ವರ್ಷ ಎದುರಿಗಿದ್ದು ನನಗೆ ಗೊತ್ತಿರಲಿಲ್ಲ, ಆಕೆ ಹೇಳಿರಲಿಲ್ಲ. ಆಕೆಗೆ ಫೋನು ಮಾಡಿದೆ, ಹತ್ತಲಿಲ್ಲ. ಮತ್ತೆ ಮಾಡಿದೆ, ಮತ್ತೆ ಮಾಡಿದೆ. ಸುಮ್ಮನೆ ಕಾಯುತ್ತಾಳೆ ಎಂದಿದ್ದಳಲ್ಲ ಬೇವಿನ ಮರದ ಕೆಳಗೆ. ಈ ದಿನಕ್ಕೇ ಕಾದಿದ್ದಳು ಎನ್ನಿಸಿತು. ಅವ್ವ ಏನು ಏನು ಎಂದು ಕೂಗುತ್ತಿದ್ದರೂ ಚಪ್ಪಲಿ ಮೆಟ್ಟಿ ಬಸ್‌ಸ್ಟ್ಯಾಂಡಿಗೆ ಓಡಿದೆ.

ಮೊದಲ ಗಂಡ ತೀರಿಹೋದ ಮೇಲೆ ಸಿರುಗುಪ್ಪದ ದಾರಿಯಲ್ಲಿ ನಾನು ಹೋಗಿರಲೇ ಇಲ್ಲ. ಬಸ್ಸಿನ ಎರಡೂ ಕಡೆ ಹಸಿರು ಗದ್ದೆ, ನೀರು ನಿಂತ ಮಡಿಗಳು, ಬಿಸಿಲು. ಅವರು ಬಿದ್ದ ಜಾಗ ಯಾವುದೆಂದು ನನಗೆ ಯಾರೂ ತೋರಿಸಿರಲಿಲ್ಲ. ಅದಕ್ಕೇ ಪ್ರತಿ ತಿರುವೂ ಅದೇ ಇರಬಹುದು ಎಂದು ಕಂಬಿಯನ್ನು ಗಟ್ಟಿಯಾಗಿ ಹಿಡಿಯುತ್ತಿದ್ದೆ. ಎದುರಿಗೆ ಟ್ರ್ಯಾಕ್ಟರ್ ಬಂದಾಗ ಕಣ್ಣು ಮುಚ್ಚಿಕೊಂಡೆ. ಮುಚ್ಚಿದ ಕಣ್ಣೊಳಗೆ ನನ್ನ ಹಳೆಯ ಅತ್ತೆಮನೆಯ ಪಡಸಾಲೆ. ಎದುರುಮನೆಯಾಕೆ ನನ್ನ ಮಗಳ ಭುಜ ಹಿಡಿದು ಒಳಗೆ ಕರೆದೊಯ್ಯುತ್ತಾಳೆ, ಡಬ್ಬಿಯನ್ನು ಮುಂದಿಡುತ್ತಾಳೆ. ಮುದುಕಿ ಕನ್ನಡಕ ಏರಿಸಿ ನೋಡುತ್ತಾಳೆ. ಆಮೇಲೆ ಆ ಮಾತು. ಪಕ್ಕದಲ್ಲಿ ಕೂತಿದ್ದ ಅಜ್ಜಿ ನನಗೆ ನೀರಿನ ಬಾಟಲಿ ಕೊಟ್ಟು, "ಯಾರರ ತೀರಿಕೊಂಡಾರೇನವಾ?" ಎಂದು ಕೇಳಿದಳು.

ಸಿರುಗುಪ್ಪದಲ್ಲಿ ಇಳಿದಾಗ ತಲೆಮೇಲೆ ಸೆರಗು ಎಳೆದುಕೊಂಡೆ. ಗುರುತು ಹಿಡಿಯುವವರು ಯಾರೂ ಎದುರಾಗಲಿಲ್ಲ, ಆದರೂ ಬೆನ್ನ ಮೇಲೆ ಕಣ್ಣುಗಳು ಇದ್ದಂತೆ. ಮೊದಲು ಆ ಮನೆಗೆ ಹೋಗಲೋ, ಹೊಳೆಗೆ ಹೋಗಲೋ? ಆಟೋದವನು ಎಲ್ಲಿಗೆ ಎಂದು ಎರಡು ಸಲ ಕೇಳಿದ ಮೇಲೆ ಕೆಂಚನಗುಡ್ಡ ಎಂದೆ. ಆ ಮನೆಯ ಬಾಗಿಲು ತಟ್ಟುವ ಧೈರ್ಯ ಬರಲಿಲ್ಲ.

ತುಂಗಭದ್ರೆ ತುಂಬಿತ್ತು. ಹೊಳೆಯಿಂದ ದೂರಕ್ಕೆ, ಹಳೆಯ ಕಲ್ಲುಗಳ ನೆರಳಲ್ಲಿ ಚಾಪೆ ಹಾಸಿ ಎದುರುಮನೆಯಾಕೆ ಕೂತಿದ್ದಳು. ಗಂಡ ಟವೆಲ್ ಮುಖಕ್ಕೆ ಹಾಕಿಕೊಂಡು ಮಲಗಿದ್ದ. ಮಕ್ಕಳಿಬ್ಬರು ಒಂದು ಬಂಡೆಯ ಮೇಲೆ ಕೂತು ಮೆಕ್ಕೆಜೋಳ ತಿನ್ನುತ್ತಿದ್ದರು. ಮಗಳು ಇದ್ದಾಳೆ ಎಂದು ಕಂಡದ್ದೇ ನನ್ನ ಹೆದರಿಕೆಯೆಲ್ಲ ಸಿಟ್ಟಾಯಿತು.

"ಅಯ್ಯ, ನೀವೇನ್ರಿ ಇಲ್ಲಿ?" ಎಂದು ಆ ಹೆಂಗಸು ಎದ್ದಳು.

"ಎಲ್ಲೆಲ್ಲಿಗೆ ಕರಕೊಂಡು ಹೋಗಿದ್ರಿ ನನ್ನ ಮಗಳ್ನ?"

"ನಮ್ಮತ್ತಿ ಮನಿಗೆ. ಉಂಡು ಇಲ್ಲಿಗೆ ಬಂದ್ವಿ. ಯಾಕ್ರಿ, ಏನಾತು?"

"ನನ್ನ ಡಬ್ಬಿ ಎಲ್ಲೈತಿ?"

ಆಕೆಯ ಮುಖ ಕೆಂಪಾಯಿತು. ಅಷ್ಟು ದಿನ ತಡೆದುಕೊಂಡಿದ್ದೆಲ್ಲ ಹೊರಬಂತು. "ಇನ್ನೂ ಆ ಡಬ್ಬಿ ಕೇಳ್ತೀರಲ್ರಿ. ಎಲ್ಲಾರ ಮನಿಗೆ ಸ್ಟೀಲ್ ಡಬ್ಬಿಯೊಳಗ ಉಂಡಿ ಕಳಿಸಿದ್ರಿ, ನಮಗ ಮಾತ್ರ ತಿಂದು ಬಿಸಾಡೋ ಐಸ್‌ಕ್ರೀಮ್ ಡಬ್ಬಿಯೊಳಗ. ಅವತ್ತು ನಮ್ಮತ್ತಿ ಇಲ್ಲಿಂದ ಹಬ್ಬಕ್ಕ ಬಂದಿದ್ರು. 'ನಿಮ್ಮ ಓಣಿಯಾಗ ನಿನಗ ಇಷ್ಟ ಬೆಲಿ ಏನು' ಅಂದ್ರು. ನಾ ಏನು ಹೇಳಬೇಕಿತ್ತು? ನನಗ ಸಿಟ್ಟು ಬರೂದಿಲ್ಲೇನು? ಅದ್ರಾಗ ಮತ್ತ ಮನಿಗೆ ಬಂದು ಡಬ್ಬಿ ಕೊಡ್ರಿ ಅಂತ ಕೇಳಿದ್ರಿ."

ಆಕೆಯ ಕಣ್ಣಲ್ಲಿ ನೀರಿತ್ತು. ಅದು ನಾಟಕವಲ್ಲ. ಹೆಸರು, ಸಿರುಗುಪ್ಪ, ಯಾವುದೂ ಆಕೆಗೆ ಗೊತ್ತಿಲ್ಲ; ಬೇವಿನ ಮರದ ಕೆಳಗೆ ಹೇಳಿದ್ದು ಬರೀ ಇಯರ್‌ಫೋನಿನ ಕತೆ. ಗೊತ್ತಿದ್ದದ್ದು ಒಂದೇ, ತನ್ನನ್ನು ಕೀಳಾಗಿ ಕಂಡರು ಎನ್ನುವುದು.

ಹಾಗಾದರೆ ಡಬ್ಬಿ? ತಿರುಗಿ ನೋಡಿದೆ. ಮಗಳು ಬಂಡೆಯ ಮೇಲೆ ಎದ್ದು ನಿಂತಿದ್ದಳು, ಜೋಳದ ತೆನೆ ಕೈಯಲ್ಲೇ ಇತ್ತು, ಮುಖದಲ್ಲಿ ರಕ್ತವಿರಲಿಲ್ಲ.

ಅವಳನ್ನು ಕಲ್ಲುಗಳ ಆಚೆಗೆ ಕರೆದೊಯ್ದೆ. "ಡಬ್ಬಿ ಎಲ್ಲಿಟ್ಟಿ?"

"ಮಾಳಿಗಿ ಮ್ಯಾಲ, ನೀರಿನ ಟ್ಯಾಂಕ್ ಹಿಂದ."

"ಯಾಕ?"

"ಅದರ ಮ್ಯಾಲ ಅವರ ಹೆಸರೈತಿ. ಯಾರರ ಓದಿದ್ರ? ಅದಕ್ಕ ಉಂಡಿ ತಗದು ಬ್ಯಾರೆ ಡಬ್ಬಿಗೆ ಹಾಕಿದೆ."

"ಅವರು ಯಾರು ಅಂತ ನಿನಗ ಯಾರು ಹೇಳಿದ್ರು?"

ಅವಳು ತೆನೆಯ ಕಾಳನ್ನು ಒಂದೊಂದಾಗಿ ಬಿಡಿಸುತ್ತಾ ಹೇಳಿದಳು. ಎರಡನೇ ಕ್ಲಾಸಿನ ಬೇಸಿಗೆ ರಜೆಯಲ್ಲಿ, ಕುರುಗೋಡಿನ ನಲ್ಲಿಯ ಹತ್ತಿರ ಯಾರೋ ಮುದುಕಿ ಇನ್ನೊಬ್ಬಳಿಗೆ ಇವಳನ್ನು ತೋರಿಸಿ ಹೇಳಿದ್ದಳಂತೆ. ಅಪ್ಪನ್ನ ನುಂಗಿದಾಕಿ ಇಕಿನ, ಎಂದು. ಇವಳಿಗೆ ಮೊದಲು ಅರ್ಥವಾಗಲಿಲ್ಲ. ಅಜ್ಜಿಯ ಮನೆಯಲ್ಲೇ ಉಳಿದಿದ್ದ ತಟ್ಟೆಯ ಮೇಲೂ ಅದೇ ಎರಡು ಹೆಸರು ಓದಿದ್ದಳು. ಎರಡನ್ನೂ ತಾನೇ ಕೂಡಿಸಿಕೊಂಡಳು. ಸಿರುಗುಪ್ಪ ಹೇಗಿದೆ ನೋಡೋಣ ಎಂದೇ ಇವತ್ತು ಬಂದಿದ್ದಳು.

ನಾನು ಅವಳ ಮುಂದೆ ಮಣ್ಣಲ್ಲೇ ಕೂತೆ. ಬೇವಿನ ಮರವನ್ನು ಕಾದೆ, ಎದುರುಮನೆಯ ಗೇಟನ್ನು ಕಾದೆ, ಬಡಾವಣೆಯ ಒಬ್ಬೊಬ್ಬ ತಾಯಿಯ ಬಾಯಿಯನ್ನೂ ಕಾದೆ. ಅಷ್ಟು ವರ್ಷವೂ ಈ ಕೂಸು ಆ ಮಾತನ್ನು ಒಳಗಿಟ್ಟುಕೊಂಡು ನನ್ನ ಪಕ್ಕದಲ್ಲೇ ಮಲಗುತ್ತಿತ್ತು.

"ನನಗ್ಯಾಕ ಹೇಳಲಿಲ್ಲ?"

"ನೀ ಅಪ್ಪಾಜಿಗೆ ಹೇಳ್ತಿ," ಎಂದಳು. "ಅಪ್ಪಾಜಿಗೆ ಹೇಳಬ್ಯಾಡಮ್ಮ. ಅವರಿಗೆ ಗೊತ್ತಾದ್ರ ನನ್ನ ಕಂಡು ಹೆದರ್ತಾರ."

ನಾನು ಅವಳನ್ನು ಎಳೆದುಕೊಂಡೆ. ಆ ದಿನ ಏನಾಯಿತೆಂದು ಹೇಳಿದೆ, ಮೊದಲ ಸಲ ಬಾಯಿಬಿಟ್ಟು. ಟ್ರ್ಯಾಕ್ಟರಿಗೆ ಲೈಟಿರಲಿಲ್ಲ ಎಂದು ಹೇಳಿದೆ. ನಿನಗೆಂದು ಕಾಲ್ಗೆಜ್ಜೆ ಕೊಂಡು ಜೇಬಿನಲ್ಲಿಟ್ಟುಕೊಂಡು ಬರುತ್ತಿದ್ದರು, ಖುಷಿಯಾಗಿದ್ದರು ಎಂದು ಹೇಳಿದೆ. ಕೂಸು ಯಾರನ್ನೂ ನುಂಗುವುದಿಲ್ಲ, ದುಃಖದಲ್ಲಿ ಅವರವ್ವ ಅಂದದ್ದು, ಕೆಲಸವಿಲ್ಲದವರು ಹಿಡಿದುಕೊಂಡದ್ದು ಎಂದೆ. ಅಪ್ಪಾಜಿಗೆ ಇದೆಲ್ಲ ನಿನ್ನನ್ನು ಎತ್ತಿಕೊಳ್ಳುವ ಮೊದಲಿಂದಲೂ ಗೊತ್ತು ಎಂದೆ.

ಅವಳು ನಂಬಲಿಲ್ಲ. ಸುಳ್ಳು ಹೇಳಿ ಹೇಳಿ ಅಭ್ಯಾಸವಾದ ತಾಯಿಯನ್ನು ನೋಡುವ ನೋಟ ಅದು, ನನಗೆ ಸಲ್ಲಬೇಕಾದದ್ದೇ. ನನ್ನ ಕೈಯಿಂದ ಫೋನು ತೆಗೆದುಕೊಂಡು ತಾನೇ ಮಾಡಿದಳು. ಸ್ಪೀಕರ್ ಹಾಕಿದೆ.

"ಏನವಾ, ಊಟ ಆತೇನು?" ಎಂದರು ಇವರು. ಹಿಂದೆ ಮಷಿನ್ನುಗಳು ಓಡುತ್ತಿದ್ದವು.

"ಅಪ್ಪಾಜಿ, ನಾ ಸಿರುಗುಪ್ಪದಾಗ ಅದೀನಿ. ನನಗೆಲ್ಲಾ ಗೊತ್ತೈತಿ. ನನ್ನ ಕಂಡ್ರ ನಿಮಗ ಹೆದರಿಕಿ ಆಗಂಗಿಲ್ಲೇನು?"

ಯಾರಿಗೋ ಮಷಿನ್ ನಿಲ್ಲಿಸಿ ಎಂದು ಹೇಳಿದ್ದು ಕೇಳಿಸಿತು. ಒಂದೊಂದೇ ನಿಂತವು.

"ಆಗ್ತೈತಿ," ಎಂದರು.

ಮಗಳು ನನ್ನ ಕೈಯನ್ನು ಉಗುರು ನಾಟುವಂತೆ ಹಿಡಿದಳು.

"ನೀ ದೊಡ್ಡಾಕಿ ಆಗಿ, ನೀವು ನನ್ನ ಅಪ್ಪ ಅಲ್ಲ ಅಂತೀಯೇನೋ ಅಂತ ದಿನಾ ಹೆದರಿಕಿ ಆಗ್ತೈತಿ," ಎಂದರು. "ಅಂತೀಯೇನವಾ?"

ಅವಳು ಫೋನಿನ ಮುಂದೆ ಇಲ್ಲ ಇಲ್ಲ ಎಂದು ತಲೆಯಾಡಿಸುತ್ತಾ ನಿಂತಳು. ಅವರಿಗೆ ಅದು ಕಾಣುವಂತಿರಲಿಲ್ಲ. ಕೌಲ್ ಬಜಾರಿನಲ್ಲಿ ಎಲ್ಲ ಮಷಿನ್ನುಗಳನ್ನೂ ನಿಲ್ಲಿಸಿಕೊಂಡು ಅವರು ಉತ್ತರಕ್ಕೆ ಕಾಯುತ್ತಿದ್ದರು.